ವಯಸ್ಕ ಲೆಗೊ ಹವ್ಯಾಸಿಗಳು

ಡೆನ್ಮಾರ್ಕಿನ ಲೆಗೊ ಕಂಪನಿ ತಯಾರಿಸುವ ಪ್ಲಾಸ್ಟಿಕ್ ಜೋಡಣೆ ಇಟ್ಟಿಗೆಗಳಿಂದ ಮಾದರಿಗಳನ್ನು ಕಟ್ಟುವುದನ್ನು ಹಾಗೂ ಅವುಗಳ ಬಿಡಿಭಾಗಗಳನ್ನು ಸಂಗ್ರಹಿಸುವುದನ್ನು ಬಿಡುವಿನ ವೇಳೆಯ ಪ್ರವೃತ್ತಿಯನ್ನಾಗಿ ಮಾಡಿಕೊಂಡ ಪ್ರಾಪ್ತವಯಸ್ಕರನ್ನು ವಯಸ್ಕ ಲೆಗೊ ಹವ್ಯಾಸಿಗಳು ಎಂದು ಕರೆಯಲಾಗುತ್ತದೆ. ಮಕ್ಕಳ ಆಟಿಕೆಯಾಗಿ ಹುಟ್ಟಿದ ಈ ಇಟ್ಟಿಗೆ ದೊಡ್ಡವರ ಕೈಯಲ್ಲಿ ವಾಸ್ತುಮಾದರಿ, ಯಂತ್ರ, ರೈಲು, ನಗರದೃಶ್ಯ, ಶಿಲ್ಪ ಮುಂತಾದ ಹಲವು ರೂಪಗಳನ್ನು ತಾಳಿದೆ. 1990ರ ದಶಕದವರೆಗೆ ಈ ಹವ್ಯಾಸಿಗಳು ಚದುರಿಹೋಗಿದ್ದರು. ತಮ್ಮಂತೆಯೇ ಬೇರೆಯವರೂ ಇದ್ದಾರೆ ಎಂಬುದು ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಅಂತರ್ಜಾಲದ ಮೂಲಕ ಅವರು ಒಂದುಗೂಡಿದರು. ಆರಂಭದಲ್ಲಿ ಅವರನ್ನು ಹೆಚ್ಚಾಗಿ ಗಮನಿಸದಿದ್ದ ಕಂಪನಿಯೇ ಕ್ರಮೇಣ ಅವರ ಸಲಹೆ ಪಡೆಯತೊಡಗಿತು ಮತ್ತು ಅವರ ವಿನ್ಯಾಸಗಳನ್ನು ಮಾರುಕಟ್ಟೆಗೆ ತಂದಿತು.

ಹೆಸರು ಮತ್ತು ಪರಿಭಾಷೆ

ಈ ಹವ್ಯಾಸಿಗಳು ತಮ್ಮನ್ನು ‘ಅಡಲ್ಟ್ ಫ್ಯಾನ್ ಆಫ್ ಲೆಗೊ’ ಎಂದು ಕರೆದುಕೊಳ್ಳುತ್ತಾರೆ. ಇದರ ಮೊದಲಕ್ಷರಗಳಿಂದ ಹುಟ್ಟಿದ ‘ಎಫಾಲ್’ ಎಂಬ ಪದ ಬಳಕೆಯಲ್ಲಿದೆ. ಸೂಚನಾ ಪುಸ್ತಿಕೆಯ ನೆರವಿಲ್ಲದೆ ಸ್ವಂತ ಕಲ್ಪನೆಯಿಂದ ಕಟ್ಟಿದ ಮಾದರಿಗೆ ‘ಮಾಕ್’ ಎನ್ನುತ್ತಾರೆ. ‘ಮೈ ಓನ್ ಕ್ರಿಯೇಷನ್’, ಅಂದರೆ ‘ನನ್ನ ಸ್ವಂತ ಸೃಷ್ಟಿ’ ಎಂಬುದರ ಹ್ರಸ್ವರೂಪ ಇದು. ಒಂದು ಊರಿನ ಅಥವಾ ಪ್ರದೇಶದ ಹವ್ಯಾಸಿಗಳ ಸಂಘಕ್ಕೆ ‘ಲಗ್’ ಎಂಬ ಹೆಸರಿದೆ.

ಹವ್ಯಾಸಿಗಳ ನುಡಿಯಲ್ಲಿ ಬಹಳ ಪ್ರಚಲಿತವಾದ ಇನ್ನೊಂದು ಮಾತು ‘ಕತ್ತಲ ಯುಗ’. ಬಾಲ್ಯದಲ್ಲಿ ಆಡಿದ ಇಟ್ಟಿಗೆಗಳನ್ನು ಹದಿಹರೆಯದಲ್ಲಿ ಕೈಬಿಟ್ಟು, ಓದು, ಉದ್ಯೋಗ ಮತ್ತು ಸಂಸಾರಗಳಲ್ಲಿ ಮುಳುಗಿ, ವರ್ಷಗಳ ನಂತರ ಮತ್ತೆ ಅವುಗಳತ್ತ ಮರಳುವವರೆಗಿನ ಅವಧಿಯನ್ನು ಹೀಗೆ ಕರೆಯಲಾಗುತ್ತದೆ. ಮರಳುವಿಕೆಗೆ ಕಾರಣಗಳು ಹಲವು. ತಮ್ಮ ಮಗುವಿಗೆಂದು ತಂದ ಸೆಟ್ಟನ್ನು ಕಟ್ಟಲು ಕೂತವರು, ಹೆತ್ತವರ ಮನೆಯ ಅಟ್ಟದಲ್ಲಿ ಹಳೆಯ ಪೆಟ್ಟಿಗೆಯನ್ನು ಕಂಡವರು, ಅಂಗಡಿಯಲ್ಲಿ ಬಾಲ್ಯದಲ್ಲಿ ಕೊಳ್ಳಲಾಗದಿದ್ದ ಬಗೆಯ ಸೆಟ್ಟನ್ನು ನೋಡಿ ಈಗ ಸ್ವಂತ ಸಂಪಾದನೆಯಿಂದ ಕೊಂಡವರು ಈ ಸಮುದಾಯದಲ್ಲಿ ಸಾಮಾನ್ಯ. ಹಲವರು ಆರಂಭದಲ್ಲಿ ತಮ್ಮ ಆಸಕ್ತಿಯನ್ನು ನೆರೆಹೊರೆಯವರಿಂದಲೂ ಸಹೋದ್ಯೋಗಿಗಳಿಂದಲೂ ಮುಚ್ಚಿಡುತ್ತಿದ್ದರು. ಅಂಗಡಿಯಲ್ಲಿ ಕೇಳಿದಾಗ ಮಗುವಿನ ಹುಟ್ಟುಹಬ್ಬಕ್ಕೆ ಎಂದು ಹೇಳುವುದು ಈ ಸಮುದಾಯದಲ್ಲಿ ಹಳೆಯ ನಗೆಮಾತಾಗಿದೆ.

ಇಟ್ಟಿಗೆಯ ಹಿನ್ನೆಲೆ

ಲೆಗೊ ಕಂಪನಿಯ ಸ್ಥಾಪಕ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ (1891–1958) ಡೆನ್ಮಾರ್ಕಿನ ಬಿಲುಂಡ್ ಎಂಬ ಹಳ್ಳಿಯಲ್ಲಿ ಬಡಗಿಯಾಗಿದ್ದರು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಮನೆಕಟ್ಟುವ ಕೆಲಸ ಕಡಿಮೆಯಾದಾಗ, 1932ರಲ್ಲಿ ಅವರು ಮರದ ಆಟಿಕೆಗಳನ್ನು ಮಾಡತೊಡಗಿದರು. ‘ಚೆನ್ನಾಗಿ ಆಡು’ ಎಂಬ ಅರ್ಥದ ‘ಲೈ ಗಾಟ್’ ಎಂಬ ಎರಡು ಡ್ಯಾನಿಶ್ ಪದಗಳಿಂದ ‘ಲೆಗೊ’ ಎಂಬ ಹೆಸರನ್ನು 1934ರಲ್ಲಿ ರೂಪಿಸಿಕೊಂಡರು. 1940ರ ದಶಕದಲ್ಲಿ ಪ್ಲಾಸ್ಟಿಕ್ ಅಚ್ಚುಯಂತ್ರ ಬಂದ ಮೇಲೆ, 1949ರಲ್ಲಿ ಮೊದಲ ಪ್ಲಾಸ್ಟಿಕ್ ಇಟ್ಟಿಗೆಗಳು ತಯಾರಾದವು. ಇವುಗಳಿಗೆ ಬ್ರಿಟನ್ನಿನ ಹಿಲರಿ ಪೇಜ್ ಅವರ ಕಿಡಿಕ್ರಾಫ್ಟ್ ಇಟ್ಟಿಗೆ ಮಾದರಿಯಾಗಿತ್ತು.

ಆರಂಭದ ಇಟ್ಟಿಗೆಗಳು ಒಳಗೆ ಟೊಳ್ಳಾಗಿದ್ದು, ಒಂದರ ಮೇಲೊಂದು ಕೂರುತ್ತಿದ್ದರೂ ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಸ್ಥಾಪಕರ ಮಗ ಗಾಟ್‌ಫ್ರೆಡ್ ಅವರ ಕಾಲದಲ್ಲಿ ಇಟ್ಟಿಗೆಯ ಒಳಭಾಗಕ್ಕೆ ಕೊಳವೆಗಳನ್ನು ಸೇರಿಸಿ ಈ ದೋಷವನ್ನು ನಿವಾರಿಸಲಾಯಿತು. ಈ ವಿನ್ಯಾಸದ ಪೇಟೆಂಟಿಗೆ 1958ರ ಜನವರಿ 28ರಂದು ಅರ್ಜಿ ಸಲ್ಲಿಸಲಾಯಿತು. ಅಂದಿನಿಂದ ಜೋಡಣೆಯ ಮೂಲ ಅಳತೆಗಳು ಬದಲಾಗಿಲ್ಲ. 1958ರ ಇಟ್ಟಿಗೆ ಇಂದು ತಯಾರಾದ ಇಟ್ಟಿಗೆಗೆ ಸೇರುತ್ತದೆ. ವಯಸ್ಕರ ಹವ್ಯಾಸ ಸಾಧ್ಯವಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಇಪ್ಪತ್ತು ಮೂವತ್ತು ವರ್ಷಗಳ ನಂತರ ಮರಳಿದವರ ಹಳೆಯ ಪೆಟ್ಟಿಗೆ ವ್ಯರ್ಥವಾಗುವುದಿಲ್ಲ. ಅದು ಹೊಸ ಸಂಗ್ರಹದ ಭಾಗವಾಗುತ್ತದೆ.

1963ರಲ್ಲಿ ಸೆಲ್ಯುಲೋಸ್ ಅಸಿಟೇಟ್ ಬದಲಿಗೆ ಎಬಿಎಸ್ ಎಂಬ ಪ್ಲಾಸ್ಟಿಕ್ ಬಳಕೆಗೆ ಬಂತು. ಹಳೆಯ ಪ್ಲಾಸ್ಟಿಕ್ ಕಾಲಕ್ರಮದಲ್ಲಿ ಸೊಟ್ಟಗಾಗುತ್ತಿತ್ತು. ಎಬಿಎಸ್ ಹೆಚ್ಚು ಗಟ್ಟಿ, ಬಣ್ಣ ಉಳಿಸಿಕೊಳ್ಳುವುದರಲ್ಲಿಯೂ ಮೇಲು. 1977ರಲ್ಲಿ ಗೇರು ಮತ್ತು ಅಚ್ಚುಗಳುಳ್ಳ ‘ಟೆಕ್ನಿಕ್’ ಶ್ರೇಣಿ, 1978ರಲ್ಲಿ ಕೈಕಾಲು ಆಡಿಸಬಲ್ಲ ಪುಟ್ಟ ಮನುಷ್ಯ ಗೊಂಬೆ, 1998ರಲ್ಲಿ ಕಂಪ್ಯೂಟರಿನಿಂದ ಆದೇಶ ನೀಡಬಹುದಾದ ‘ಮೈಂಡ್‌ಸ್ಟಾರ್ಮ್ಸ್’ ರೋಬಾಟ್ ಸೆಟ್ಟು ಬಂದವು.

ಅಳತೆಯ ಲೆಕ್ಕ

ಇಟ್ಟಿಗೆಯ ಮೇಲಿನ ದುಂಡನೆಯ ಉಬ್ಬು ಈ ವ್ಯವಸ್ಥೆಯ ಮೂಲ ಘಟಕ. ಅಕ್ಕಪಕ್ಕದ ಎರಡು ಉಬ್ಬುಗಳ ಕೇಂದ್ರಗಳ ನಡುವಿನ ಅಂತರ 8 ಮಿಲಿಮೀಟರ್. ಉಬ್ಬನ್ನು ಬಿಟ್ಟರೆ ಇಟ್ಟಿಗೆಯ ಎತ್ತರ 9.6 ಮಿ.ಮೀ. ‘ಪ್ಲೇಟ್’ ಎಂಬ ತೆಳುವಾದ ಬಿಡಿಭಾಗದ ಎತ್ತರ 3.2 ಮಿ.ಮೀ. ಹೀಗಾಗಿ ಮೂರು ಪ್ಲೇಟುಗಳನ್ನು ಒಂದರ ಮೇಲೊಂದಿಟ್ಟರೆ ಒಂದು ಇಟ್ಟಿಗೆಯ ಎತ್ತರವಾಗುತ್ತದೆ. ಐದು ಪ್ಲೇಟುಗಳನ್ನಿಟ್ಟರೆ 16 ಮಿ.ಮೀ. ಆಗುತ್ತದೆ. ಅದು ಸರಿಯಾಗಿ ಎರಡು ಉಬ್ಬುಗಳ ಅಗಲಕ್ಕೆ ಸಮ.

ಈ ಎರಡನೆಯ ಲೆಕ್ಕ ಮಕ್ಕಳ ಆಟಕ್ಕೆ ಬೇಕಾಗುವುದಿಲ್ಲ. ಆದರೆ ದೊಡ್ಡವರ ಕಟ್ಟುವಿಕೆಗೆ ಇದೇ ಬುನಾದಿ. ಇಟ್ಟಿಗೆಗಳನ್ನು ಪಕ್ಕಕ್ಕೆ ಮಲಗಿಸಿ ಜೋಡಿಸಿದರೂ ಅಳತೆ ಕೂಡಿಬರುತ್ತದೆ ಎಂಬುದನ್ನು ಇದು ಖಚಿತಪಡಿಸುತ್ತದೆ. ಉಬ್ಬು ಮೇಲ್ಮುಖವಾಗಿಲ್ಲದ ಈ ಜೋಡಣೆಗೆ ಹವ್ಯಾಸಿಗಳು ‘ಸ್ನಾಟ್’ ಎಂಬ ಹೆಸರಿಟ್ಟಿದ್ದಾರೆ. ಕಿಟಕಿಯ ಚೌಕಟ್ಟು, ಕಾರಿನ ಮುಂಭಾಗ, ಅಕ್ಷರಗಳುಳ್ಳ ನಾಮಫಲಕ ಮುಂತಾದವನ್ನು ನುಣುಪಾಗಿ ತೋರಿಸಲು ಈ ವಿಧಾನ ಅನಿವಾರ್ಯ.

ಸಾಧ್ಯತೆಗಳ ವಿಸ್ತಾರಕ್ಕೆ ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಅವರ ಲೆಕ್ಕವನ್ನು ಉದಾಹರಿಸಲಾಗುತ್ತದೆ. ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕು ಉಬ್ಬುಗಳುಳ್ಳ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ವಿಧಗಳಲ್ಲಿ ಜೋಡಿಸಬಹುದು ಎಂದು ಅವರು ಕಂಪ್ಯೂಟರ್ ನೆರವಿನಿಂದ ಕಂಡುಕೊಂಡರು. ಕಂಪನಿ ಅದಕ್ಕೂ ಹಿಂದೆ ಹೇಳಿಕೊಂಡು ಬಂದಿದ್ದ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆಯಾಗಿತ್ತು. ಆರೂ ಇಟ್ಟಿಗೆಗಳು ಒಂದರ ಮೇಲೊಂದು ಏರಿ ನಿಂತ ಗೋಪುರಗಳನ್ನು ಮಾತ್ರ ಅದು ಎಣಿಸಿತ್ತು.

ಕಟ್ಟುವ ಬಗೆಗಳು

ಹವ್ಯಾಸಿಗಳನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ನೋಡಬಹುದು. ಕಂಪನಿಯ ಸೆಟ್ಟುಗಳನ್ನು ಸೂಚನೆಗಳಂತೆ ಕಟ್ಟಿ ಪ್ರದರ್ಶಿಸುವವರು ಒಂದು ಗುಂಪು. ಬಿಡಿಭಾಗಗಳಿಂದ ಸ್ವಂತ ಮಾದರಿಗಳನ್ನು ರಚಿಸುವವರು ಇನ್ನೊಂದು. ಬಹುಪಾಲು ಜನ ಎರಡರಲ್ಲಿಯೂ ತೊಡಗಿರುತ್ತಾರೆ. ಸೆಟ್ಟು ಕಟ್ಟುವುದರಿಂದ ಹೊಸ ತಂತ್ರಗಳನ್ನು ಕಲಿತು, ನಂತರ ಅವನ್ನು ಸ್ವಂತ ಕೃತಿಯಲ್ಲಿ ಬಳಸುವುದು ವಾಡಿಕೆ.

ಸ್ವಂತ ಮಾದರಿಗಳಲ್ಲಿ ಪ್ರಮಾಣದ ಆಯ್ಕೆ ಮೊದಲ ನಿರ್ಧಾರ. ಸುಮಾರು 4 ಸೆಂಟಿಮೀಟರ್ ಎತ್ತರದ ಮನುಷ್ಯ ಗೊಂಬೆಗೆ ಹೊಂದುವಂತೆ ಮನೆ, ಬೀದಿ, ವಾಹನಗಳನ್ನು ಕಟ್ಟುವುದು ಹೆಚ್ಚು ಪ್ರಚಲಿತ. ಇಡೀ ನಗರವನ್ನು ಅಂಗೈಯಗಲದಲ್ಲಿ ತೋರಿಸುವ ಸೂಕ್ಷ್ಮ ಪ್ರಮಾಣದ ಮಾದರಿಗಳೂ ಇವೆ. ಇವುಗಳಲ್ಲಿ ಒಂದೇ ಉಬ್ಬಿನ ಒಂದು ತುಣುಕು ಇಡೀ ಮನೆಯನ್ನು ಸೂಚಿಸಬಹುದು.

ಒಂದು ಬಿಡಿಭಾಗವನ್ನು ಅದರ ಮೂಲ ಉದ್ದೇಶಕ್ಕಿಂತ ಭಿನ್ನವಾದ ರೀತಿಯಲ್ಲಿ ಬಳಸುವುದನ್ನು ಹವ್ಯಾಸಿಗಳು ವಿಶೇಷವಾಗಿ ಮೆಚ್ಚುತ್ತಾರೆ. ಕ್ರೊಸಾನ್ ಎಂಬ ಬಾಗಿದ ಬ್ರೆಡ್ಡಿನ ತುಣುಕನ್ನು ಬಿಳಿಯ ಬಣ್ಣದಲ್ಲಿ ಕಟ್ಟಡದ ಮುಂಭಾಗದ ಅಲಂಕಾರ ಕೆತ್ತನೆಯಾಗಿ ಬಳಸಿರುವುದು ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ. 2014ರ ‘ಪ್ಯಾರಿಸಿಯನ್ ರೆಸ್ಟೋರೆಂಟ್’ ಸೆಟ್ಟಿನಲ್ಲಿ ಇದನ್ನು ಕಾಣಬಹುದು.

ಬರೆಯದ ನಿಯಮಗಳೂ ಇವೆ. ಅಂಟು ಹಚ್ಚಬಾರದು, ಇಟ್ಟಿಗೆಯನ್ನು ಕತ್ತರಿಸಬಾರದು, ಬಣ್ಣ ಬಳಿಯಬಾರದು, ಬೇರೆ ಕಂಪನಿಯ ಭಾಗ ಸೇರಿಸಬಾರದು ಎಂಬುದು ‘ಶುದ್ಧವಾದಿ’ಗಳ ನಿಲುವು. ಇತರರು ಇವುಗಳಲ್ಲಿ ಒಂದೆರಡನ್ನು ಸಡಿಲಿಸಿಕೊಳ್ಳುತ್ತಾರೆ. ಪ್ಲಾಸ್ಟಿಕ್ಕಿಗೆ ಒತ್ತಡ ಬೀಳುವಂತೆ ಭಾಗಗಳನ್ನು ತುರುಕಿ ಕೂರಿಸುವ ಜೋಡಣೆಯನ್ನು ‘ಅಕ್ರಮ ತಂತ್ರ’ ಎನ್ನುತ್ತಾರೆ. ಕಂಪನಿಯ ವಿನ್ಯಾಸಕಾರರಿಗೆ ಇದು ನಿಷಿದ್ಧ. ಹವ್ಯಾಸಿಗೆ ಅಂತಹ ನಿರ್ಬಂಧವಿಲ್ಲವಾದರೂ, ಇಟ್ಟಿಗೆ ಬಿರುಕುಬಿಡುವ ಅಪಾಯವನ್ನು ಅವನೇ ಹೊರಬೇಕಾಗುತ್ತದೆ.

ಹವ್ಯಾಸದ ನಿತ್ಯಕ್ರಮ

ಹೊರಗಿನವರಿಗೆ ಕಾಣುವುದು ಮುಗಿದ ಮಾದರಿ ಮಾತ್ರ. ಆದರೆ ಹವ್ಯಾಸಿಯ ಸಮಯದ ದೊಡ್ಡ ಪಾಲು ವಿಂಗಡಣೆಯಲ್ಲಿ ಕಳೆಯುತ್ತದೆ. ಸಂಗ್ರಹ ಚಿಕ್ಕದಿರುವಾಗ ಎಲ್ಲವೂ ಒಂದೇ ಡಬ್ಬಿಯಲ್ಲಿರುತ್ತವೆ. ಬೆಳೆದಂತೆ, ಹೊಸಬರು ಸಾಮಾನ್ಯವಾಗಿ ಬಣ್ಣದ ಪ್ರಕಾರ ಬೇರ್ಪಡಿಸುತ್ತಾರೆ. ನೋಡಲು ಅಂದವಾದರೂ ಈ ಕ್ರಮ ಬಹುಕಾಲ ನಡೆಯುವುದಿಲ್ಲ. ಕರಿಯ ತುಣುಕುಗಳ ರಾಶಿಯಲ್ಲಿ ಚಿಕ್ಕದೊಂದು ಕರಿಯ ತುಣುಕನ್ನು ಹುಡುಕುವುದು ಕಷ್ಟ. ಒಂದೇ ಆಕಾರದ ತುಣುಕುಗಳ ರಾಶಿಯಲ್ಲಿ ಬೇಕಾದ ಬಣ್ಣವನ್ನು ಹೆಕ್ಕುವುದು ಸುಲಭ. ಆದ್ದರಿಂದ ಅನುಭವಿಗಳು ಆಕಾರದ ಪ್ರಕಾರ ವಿಂಗಡಿಸಿ, ಭಾಗಗಳು ತೀರ ಹೆಚ್ಚಿದಾಗ ಮಾತ್ರ ಬಣ್ಣದ ಪ್ರಕಾರ ಮತ್ತೆ ವಿಭಾಗಿಸುತ್ತಾರೆ. ಬೋಲ್ಟು ನಟ್ಟುಗಳನ್ನಿಡುವ ಸಣ್ಣ ಖಾನೆಗಳ ಕಪಾಟು, ಮೀನು ಹಿಡಿಯುವವರ ಗಾಳದ ಪೆಟ್ಟಿಗೆ, ಅಡುಗೆಮನೆಯ ಡಬ್ಬಿಗಳು ಇದಕ್ಕೆ ಬಳಕೆಯಾಗುತ್ತವೆ.

ಬಿಗಿಯಾಗಿ ಕೂತ ಪ್ಲೇಟುಗಳನ್ನು ಬಿಡಿಸಲು ಸನ್ನೆಯಂತಿರುವ ಸಣ್ಣ ಉಪಕರಣವೊಂದು ಅನೇಕ ದೊಡ್ಡ ಸೆಟ್ಟುಗಳ ಜೊತೆಯಲ್ಲಿಯೇ ಬರುತ್ತದೆ. ಅದಿಲ್ಲದ ಕಾಲದಲ್ಲಿ ಹಲ್ಲು ಮತ್ತು ಉಗುರುಗಳೇ ಸಾಧನಗಳಾಗಿದ್ದವು. ಹಳೆಯ ಇಟ್ಟಿಗೆಗಳ ಮೇಲೆ ಹಲ್ಲಿನ ಗುರುತು ಕಾಣುವುದು ಅಪರೂಪವಲ್ಲ. ಬಳಸಿದ ಇಟ್ಟಿಗೆಗಳನ್ನು ತೂಕದ ಲೆಕ್ಕದಲ್ಲಿ ಕೊಂಡವರು ಅವನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯುತ್ತಾರೆ. ಬಿಸಿನೀರು ಪ್ಲಾಸ್ಟಿಕ್ಕನ್ನು ಸೊಟ್ಟಗಾಗಿಸುವುದರಿಂದ 40 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಸಲ್ಲದು. ಬಿಸಿಲಿಗೆ ಒಡ್ಡಿದ ಬಿಳಿ ಮತ್ತು ಬೂದು ಇಟ್ಟಿಗೆಗಳು ಹಳದಿಗೆ ತಿರುಗುತ್ತವೆ. ಆದ್ದರಿಂದ ಮಾದರಿಗಳನ್ನು ಕಿಟಕಿಯಿಂದ ದೂರವಿಡಲಾಗುತ್ತದೆ. ಧೂಳನ್ನು ಮೃದುವಾದ ಕುಂಚದಿಂದ ಒರೆಸುವುದು ಬಿಡದ ಕೆಲಸ.

ಬೇಕಾದ ಬಣ್ಣದಲ್ಲಿ ಬೇಕಾದ ಭಾಗ ಸಿಗುವುದು ಎಂದಿಗೂ ಖಚಿತವಲ್ಲ. ಈ ಕೊರತೆಯನ್ನು ನೀಗಿಸಲು 2000ದಲ್ಲಿ ಡಾನ್ ಯೆಜೆಕ್ ಎಂಬ ಹವ್ಯಾಸಿ ಅಂತರ್ಜಾಲದಲ್ಲಿ ಒಂದು ಸಂತೆಯನ್ನು ಆರಂಭಿಸಿದರು. ‘ಬ್ರಿಕ್‌ಲಿಂಕ್’ ಎಂದು ಹೆಸರಾದ ಇದರಲ್ಲಿ ಪ್ರಪಂಚದ ಸಾವಿರಾರು ಸಣ್ಣ ವ್ಯಾಪಾರಿಗಳು ಒಂದೊಂದು ತುಣುಕನ್ನೂ ಬಿಡಿಯಾಗಿ ಮಾರುತ್ತಾರೆ. ಯೆಜೆಕ್ 2010ರಲ್ಲಿ ತೀರಿಕೊಂಡರು. ಕೈಬದಲಾದ ಈ ತಾಣವನ್ನು 2019ರಲ್ಲಿ ಲೆಗೊ ಕಂಪನಿಯೇ ಕೊಂಡುಕೊಂಡಿತು.

ಸಮುದಾಯದ ಬೆಳವಣಿಗೆ

1990ರ ದಶಕದ ಮೊದಲ ಭಾಗದಲ್ಲಿ ಯೂಸ್‌ನೆಟ್ ಎಂಬ ಆರಂಭಿಕ ಅಂತರ್ಜಾಲ ಚರ್ಚಾವ್ಯವಸ್ಥೆಯಲ್ಲಿ ಲೆಗೊ ಕುರಿತ ಗುಂಪುಗಳು ಹುಟ್ಟಿಕೊಂಡವು. ಹವ್ಯಾಸಿಗಳು ಪರಸ್ಪರ ಪರಿಚಯವಾದದ್ದು ಮುಖ್ಯವಾಗಿ ಅಲ್ಲಿ. 1995ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಜೆಸಿಮನ್ ಎಂಬ ಯುವಕ, ಲೆಗೊ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟಲು ನೆರವಾಗುವ ‘ಎಲ್‌ಡ್ರಾ’ ಎಂಬ ತಂತ್ರಾಂಶವನ್ನು ರಚಿಸಿ ಉಚಿತವಾಗಿ ಹಂಚಿದರು. 1997ರಲ್ಲಿ ಅವರು ಅಕಾಲ ಮರಣಕ್ಕೆ ಈಡಾದರು. ಇತರ ಹವ್ಯಾಸಿಗಳು ಆ ಕೆಲಸವನ್ನು ಮುಂದುವರಿಸಿದರು. ಅವರ ಹೆಸರಿನ ಸ್ಮಾರಕ ಪ್ರಶಸ್ತಿಯನ್ನೂ ಸ್ಥಾಪಿಸಲಾಯಿತು. 1998ರಲ್ಲಿ ಟಾಡ್ ಲೇಮನ್ ಮತ್ತು ಸುಜಾನ್ ರಿಚ್ ‘ಲಗ್‌ನೆಟ್’ ಎಂಬ ಜಾಲತಾಣವನ್ನು ಆರಂಭಿಸಿದರು. ಇದು ಹಲವು ದೇಶಗಳ ಸಂಘಗಳಿಗೆ ಕೂಡುನೆಲೆಯಾಯಿತು.

ಪರದೆಯ ಮೇಲಿನ ಪರಿಚಯ ಮುಖಾಮುಖಿ ಭೇಟಿಗೆ ದಾರಿಯಾಯಿತು. ಅಮೆರಿಕದಲ್ಲಿ 2000ದಲ್ಲಿ ‘ಬ್ರಿಕ್‌ಫೆಸ್ಟ್’ ನಡೆಯಿತು. ನಂತರ ಸಿಯಾಟಲ್‌ನ ‘ಬ್ರಿಕ್‌ಕಾನ್’, ಷಿಕಾಗೊ ಬಳಿಯ ‘ಬ್ರಿಕ್‌ವರ್ಲ್ಡ್’, ಆಸ್ಟ್ರೇಲಿಯಾದ ಮೆಲ್ಬರ್ನ್‌ನ ‘ಬ್ರಿಕ್‌ವೆನ್ಷನ್’, ಡೆನ್ಮಾರ್ಕಿನ ಸ್ಕೇರ್ಬೆಕ್ ಪಟ್ಟಣದ ವಾರಾಂತ್ಯ ಮೇಳ ಮುಂತಾದವು ಹೆಸರಾದವು. ಇಂತಹ ಮೇಳಗಳ ಮೊದಲ ದಿನಗಳಲ್ಲಿ ಹವ್ಯಾಸಿಗಳು ತಮ್ಮೊಳಗೆ ಉಪನ್ಯಾಸ, ಚರ್ಚೆ, ವಿನಿಮಯ ನಡೆಸಿ, ಕೊನೆಯಲ್ಲಿ ಸಾರ್ವಜನಿಕರಿಗೆ ಪ್ರದರ್ಶನ ತೆರೆಯುವುದು ರೂಢಿ.

ಮೇಳಗಳಲ್ಲಿ ಬೇರೆ ಬೇರೆ ಊರುಗಳಿಂದ ತಂದ ಭಾಗಗಳು ಒಂದಾಗಬೇಕು. ಅದಕ್ಕಾಗಿ ಹವ್ಯಾಸಿಗಳು ತಾವೇ ಒಪ್ಪಂದಗಳನ್ನು ಮಾಡಿಕೊಂಡಿದ್ದಾರೆ. ನಗರದೃಶ್ಯಗಳಲ್ಲಿ ರಸ್ತೆ ಎಲ್ಲಿ ಮುಗಿಯಬೇಕು, ರೈಲುಹಳಿ ಯಾವ ಅಂತರದಲ್ಲಿ ಬರಬೇಕು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ‘ಗ್ರೇಟ್ ಬಾಲ್ ಕಾಂಟ್ರಾಪ್ಷನ್’ ಎಂಬ ಯಂತ್ರಸರಣಿ ಇದಕ್ಕೆ ಒಳ್ಳೆಯ ನಿದರ್ಶನ. ಇದರಲ್ಲಿ ಪ್ರತಿಯೊಬ್ಬನ ಯಂತ್ರವೂ ಪಕ್ಕದ ಯಂತ್ರದಿಂದ ಪುಟ್ಟ ಚೆಂಡುಗಳನ್ನು ಪಡೆದು ಮುಂದಿನದಕ್ಕೆ ದಾಟಿಸುತ್ತದೆ. ಸರಾಸರಿ ಸೆಕೆಂಡಿಗೆ ಒಂದು ಚೆಂಡನ್ನು ಸಾಗಿಸಬೇಕು ಎಂಬುದು ಮುಖ್ಯ ನಿಯಮ. ಒಳಗಿನ ಯಂತ್ರ ಹೇಗಿರಬೇಕೆಂಬುದು ಕಟ್ಟುವವನ ಇಚ್ಛೆ. ಎಂದೂ ಭೇಟಿಯಾಗದವರು ಬೇರೆ ಬೇರೆ ಊರುಗಳಲ್ಲಿ ಕಟ್ಟಿ ತಂದ ಯಂತ್ರಗಳು ಮೇಜಿನ ಮೇಲೆ ಸಾಲಾಗಿ ನಿಂತು ಒಟ್ಟಿಗೆ ಕೆಲಸ ಮಾಡುತ್ತವೆ.

ಕಂಪನಿಯೊಂದಿಗಿನ ಸಂಬಂಧ

ಬಹುಕಾಲ ಕಂಪನಿಯ ದೃಷ್ಟಿಯಲ್ಲಿ ಗ್ರಾಹಕರೆಂದರೆ ಮಕ್ಕಳು ಮಾತ್ರ. ಈ ನಿಲುವು 1998ರ ನಂತರ ಸಡಿಲವಾಗತೊಡಗಿತು. ಮೈಂಡ್‌ಸ್ಟಾರ್ಮ್ಸ್ ಬಿಡುಗಡೆಯಾದ ಸ್ವಲ್ಪ ಕಾಲದಲ್ಲಿಯೇ ವಯಸ್ಕ ಬಳಕೆದಾರರು ಅದರ ಒಳಗಿನ ಆದೇಶಗಳನ್ನು ಬಿಡಿಸಿ ತಿಳಿದು, ಹೊಸ ತಂತ್ರಾಂಶಗಳನ್ನು ಬರೆದರು. ಕಂಪನಿ ಅವರ ಮೇಲೆ ಕಾನೂನು ಕ್ರಮ ಕೈಗೊಳ್ಳದೆ ಅದಕ್ಕೆ ಅವಕಾಶ ಕೊಟ್ಟಿತು. ಮುಂದಿನ ಆವೃತ್ತಿಯನ್ನು ರೂಪಿಸುವಾಗ ನಾಲ್ವರು ಹವ್ಯಾಸಿಗಳನ್ನು ಗುಟ್ಟಾಗಿ ಸಲಹೆಗೆ ಕರೆಯಿತು. ಆ ಆವೃತ್ತಿ 2006ರಲ್ಲಿ ಹೊರಬಂತು. ಈ ನಡುವೆ 2002ರಲ್ಲಿ, ಅಮೆರಿಕದ ಹವ್ಯಾಸಿ ಡೇನಿಯಲ್ ಸಿಸ್ಕಿಂಡ್ ರಚಿಸಿದ್ದ ಕಮ್ಮಾರಸಾಲೆಯ ಮಾದರಿಯನ್ನು ಕಂಪನಿ ಸೆಟ್ಟಾಗಿ ಮಾರಿತ್ತು.

ಸಂಬಂಧ ಕೆಟ್ಟ ಪ್ರಸಂಗವೂ ಇದೆ. 2003–04ರ ಸುಮಾರಿಗೆ ಕಂಪನಿ ತನ್ನ ಎರಡು ಬೂದು ಬಣ್ಣಗಳನ್ನೂ ಕಂದು ಬಣ್ಣವನ್ನೂ ಬದಲಿಸಿತು. ಹೊಸ ಬೂದು ತುಸು ನೀಲಿಯತ್ತ ವಾಲಿತ್ತು. ಮಗುವೊಂದು ಈ ವ್ಯತ್ಯಾಸವನ್ನು ಗಮನಿಸದಿರಬಹುದು. ಆದರೆ ಕೋಟೆ, ಬಂಡೆ, ರೈಲು, ಬಾಹ್ಯಾಕಾಶ ನೌಕೆಗಳನ್ನು ಕಟ್ಟಲು ವರ್ಷಗಟ್ಟಲೆ ಬೂದು ಇಟ್ಟಿಗೆಗಳನ್ನು ಕೂಡಿಟ್ಟವರಿಗೆ ಅದು ದೊಡ್ಡ ಆಘಾತವಾಯಿತು. ಹಳೆಯ ಮತ್ತು ಹೊಸ ಇಟ್ಟಿಗೆ ಒಂದಕ್ಕೊಂದು ಕೂರುತ್ತಿದ್ದರೂ, ಗೋಡೆ ತೇಪೆ ಹಾಕಿದಂತೆ ಕಾಣುತ್ತಿತ್ತು. ಹವ್ಯಾಸಿಗಳ ಪ್ರತಿಭಟನೆ ತೀವ್ರವಾಗಿತ್ತು. ಬಣ್ಣಗಳು ಹಿಂದಿರುಗಲಿಲ್ಲ. ಕಂಪನಿ ಆಗ ಭಾರಿ ನಷ್ಟದಲ್ಲಿದ್ದ ಕಾಲವೂ ಅದೇ. 2004ರಲ್ಲಿ ಯೋರ್ಗನ್ ವಿಗ್ ಕ್ನುಡ್‌ಸ್ಟೋರ್ಪ್ ಮುಖ್ಯಾಧಿಕಾರಿಯಾಗಿ ಬಂದ ಮೇಲೆ, ಮರಳಿ ಇಟ್ಟಿಗೆಯ ಮೂಲ ವ್ಯವಸ್ಥೆಗೆ ಒತ್ತು ಬಿತ್ತು. 2005ರಲ್ಲಿ ಸಂಘಗಳ ಪ್ರತಿನಿಧಿಗಳೊಡನೆ ನೇರ ಸಂಪರ್ಕವಿರಿಸುವ ‘ರಾಯಭಾರಿ’ ಯೋಜನೆ ಆರಂಭವಾಯಿತು.

2007ರ ‘ಕೆಫೆ ಕಾರ್ನರ್’ನಿಂದ ಆರಂಭವಾದ ಬೀದಿಕಟ್ಟಡಗಳ ಸರಣಿ ವಯಸ್ಕರನ್ನೇ ಉದ್ದೇಶಿಸಿದ್ದಾಗಿತ್ತು. ಇದನ್ನು ರೂಪಿಸಿದ ಜೇಮಿ ಬೆರಾರ್ಡ್ ಸ್ವತಃ ಹವ್ಯಾಸಿಯಾಗಿದ್ದು ಕಂಪನಿಯನ್ನು ಸೇರಿದವರು. ಅದೇ ವರ್ಷದ ‘ಮಾರ್ಕೆಟ್ ಸ್ಟ್ರೀಟ್’ ಡಚ್ ಹವ್ಯಾಸಿ ಎರಿಕ್ ಬ್ರೋಕ್ ಅವರ ವಿನ್ಯಾಸ.

ಜಪಾನಿನಲ್ಲಿ 2008ರಲ್ಲಿ ಪ್ರಯೋಗವಾಗಿ ಆರಂಭವಾದ ಯೋಜನೆಯೊಂದು ಮುಂದೆ ‘ಲೆಗೊ ಐಡಿಯಾಸ್’ ಎಂಬ ಹೆಸರು ಪಡೆಯಿತು. ಯಾರು ಬೇಕಾದರೂ ತಮ್ಮ ಮಾದರಿಯನ್ನು ಇಲ್ಲಿ ಸಲ್ಲಿಸಬಹುದು. 10,000 ಜನರ ಬೆಂಬಲ ಪಡೆದ ಮಾದರಿಗಳನ್ನು ಕಂಪನಿ ಪರಿಶೀಲಿಸಿ, ಕೆಲವನ್ನು ಸೆಟ್ಟಾಗಿ ಹೊರತರುತ್ತದೆ. ರಚಿಸಿದವರಿಗೆ ನಿವ್ವಳ ಮಾರಾಟದ ಶೇ 1ರಷ್ಟು ಸಂಭಾವನೆ ದೊರೆಯುತ್ತದೆ. ಭೂರಸಾಯನ ವಿಜ್ಞಾನಿ ಎಲೆನ್ ಕೂಯ್ಮನ್ ಅವರ ಮಹಿಳಾ ವಿಜ್ಞಾನಿಗಳ ಸೆಟ್ಟು 2014ರಲ್ಲಿಯೂ, ಚಂದ್ರಯಾನದ ‘ಸ್ಯಾಟರ್ನ್ 5’ ರಾಕೆಟ್ 2017ರಲ್ಲಿಯೂ ಹೀಗೆ ಬಂದವು. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷದ ನೆನಪಿಗೆ ಆ ರಾಕೆಟ್ಟಿನ ಸೆಟ್ಟಿನಲ್ಲಿ 1,969 ತುಣುಕುಗಳಿವೆ. 2020ರಿಂದ ವಯಸ್ಕರ ಸೆಟ್ಟುಗಳ ಪೆಟ್ಟಿಗೆಯ ಮೇಲೆ ‘18+’ ಎಂಬ ಗುರುತು ಕಾಣಿಸಿಕೊಂಡಿತು. ಅದೇ ವರ್ಷದ ರೋಮ್‌ನ ಕೊಲೋಸಿಯಂ ಸೆಟ್ಟಿನಲ್ಲಿ 9,036 ತುಣುಕುಗಳಿದ್ದವು.

ಬಿಲುಂಡ್‌ನಲ್ಲಿ 2017ರಲ್ಲಿ ತೆರೆದ ‘ಲೆಗೊ ಹೌಸ್’ ಎಂಬ ಭವನದ ಮೇಲಂತಸ್ತಿನಲ್ಲಿ ಹವ್ಯಾಸಿಗಳ ಕೃತಿಗಳಿಗೆಂದೇ ಒಂದು ಪ್ರದರ್ಶನಾಲಯವಿದೆ.

ಕಲೆ ಮತ್ತು ಇತರ ಬಳಕೆಗಳು

ನ್ಯೂಯಾರ್ಕಿನಲ್ಲಿ ವಕೀಲರಾಗಿದ್ದ ನೇಥನ್ ಸವಾಯಾ ವೃತ್ತಿ ತೊರೆದು ಇಟ್ಟಿಗೆ ಶಿಲ್ಪಿಯಾದರು. ‘ದಿ ಆರ್ಟ್ ಆಫ್ ದಿ ಬ್ರಿಕ್’ ಎಂಬ ಅವರ ಪ್ರದರ್ಶನ 2007ರಿಂದ ಅನೇಕ ದೇಶಗಳನ್ನು ಸುತ್ತಿದೆ. ಚೀನಾದ ಕಲಾವಿದ ಐ ವೈವೈ ಕೂಡ ಇಟ್ಟಿಗೆಗಳಿಂದ ಭಾವಚಿತ್ರಗಳನ್ನು ರಚಿಸಿದ್ದಾರೆ. ರಾಜಕೀಯ ಕೃತಿಗಾಗಿ ಅವರು ಕೇಳಿದ ಸಗಟು ಇಟ್ಟಿಗೆಗಳನ್ನು ಕಂಪನಿ 2015ರಲ್ಲಿ ನಿರಾಕರಿಸಿದಾಗ, ಸಾರ್ವಜನಿಕರು ತಮ್ಮ ಇಟ್ಟಿಗೆಗಳನ್ನು ಅವರಿಗೆ ದಾನವಾಗಿ ಕೊಟ್ಟರು. ಕೊಳ್ಳುವವರ ಉದ್ದೇಶವನ್ನು ಕೇಳುವ ಕ್ರಮವನ್ನು ಕಂಪನಿ 2016ರ ಜನವರಿಯಲ್ಲಿ ಕೈಬಿಟ್ಟಿತು.

ಯುರೋಪಿನ ಅಂಡೋರಾ ದೇಶದ ಡೇವಿಡ್ ಅಗಿಲಾರ್ ಹುಟ್ಟಿನಿಂದಲೇ ಬಲಗೈಯ ಮುಂಭಾಗವಿಲ್ಲದವರು. ಅವರು ತಮ್ಮ ಬಳಕೆಗಾಗಿ ಲೆಗೊ ಭಾಗಗಳಿಂದಲೇ ಕೃತಕ ಕೈ ಕಟ್ಟಿಕೊಂಡು ಪ್ರಸಿದ್ಧರಾದರು.

ದೃಷ್ಟಿಹೀನರಿಗೆ ಈ ಹವ್ಯಾಸವನ್ನು ತೆರೆದವರಲ್ಲಿ ಅಮೆರಿಕದ ಮ್ಯಾಥ್ಯೂ ಶಿಫ್ರಿನ್ ಮುಖ್ಯರು. ಲೆಗೊ ಸೂಚನಾ ಪುಸ್ತಿಕೆಗಳಲ್ಲಿ ಚಿತ್ರಗಳು ಮಾತ್ರ ಇರುತ್ತವೆ. ಆದ್ದರಿಂದ ಅಂಧರಾದ ಶಿಫ್ರಿನ್ ಬೇರೆಯವರ ಸಹಾಯವಿಲ್ಲದೆ ಕಟ್ಟಲಾಗುತ್ತಿರಲಿಲ್ಲ. ಅವರ 13ನೆಯ ಹುಟ್ಟುಹಬ್ಬಕ್ಕೆ ಕುಟುಂಬದ ಸ್ನೇಹಿತೆ ಲಿಲ್ಯಾ ಫಿಂಕೆಲ್ ಒಂದು ಸೆಟ್ಟನ್ನೂ, ಅದರ ಎಲ್ಲ ಹೆಜ್ಜೆಗಳನ್ನು ಮಾತುಗಳಲ್ಲಿ ವಿವರಿಸಿ ಬ್ರೈಲ್ ಲಿಪಿಯಲ್ಲಿ ತಯಾರಿಸಿದ ಪುಸ್ತಿಕೆಯನ್ನೂ ಕೊಟ್ಟರು. ನಂತರ ಇಬ್ಬರೂ ಸೇರಿ ಇಂತಹ ಹಲವು ಸೂಚನೆಗಳನ್ನು ಬರೆದು ಹಂಚಿದರು. ಈ ಪ್ರಯತ್ನವನ್ನು ಅನುಸರಿಸಿ ಕಂಪನಿ 2019ರಲ್ಲಿ ಧ್ವನಿ ಮತ್ತು ಬ್ರೈಲ್ ಸೂಚನೆಗಳನ್ನು ಹೊರತಂದಿತು.

ಟೀಕೆಗಳು

ಹವ್ಯಾಸದ ಬಗೆಗಿನ ಮುಖ್ಯ ಆಕ್ಷೇಪ ಅದರ ದುಬಾರಿತನ. ಮೂಲ ಪೇಟೆಂಟುಗಳ ಅವಧಿ ಮುಗಿದಿರುವುದರಿಂದ ಅದೇ ಅಳತೆಯ ಇಟ್ಟಿಗೆಗಳನ್ನು ಬೇರೆ ಕಂಪನಿಗಳೂ ತಯಾರಿಸಬಹುದು. ಇಟ್ಟಿಗೆಯ ಆಕಾರವನ್ನು ವ್ಯಾಪಾರಮುದ್ರೆಯಾಗಿ ಕಾಯ್ದುಕೊಳ್ಳಲು ಲೆಗೊ ಮಾಡಿದ ಪ್ರಯತ್ನವನ್ನು ಕೆನಡಾದ ಸರ್ವೋಚ್ಚ ನ್ಯಾಯಾಲಯ 2005ರಲ್ಲಿಯೂ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2010ರಲ್ಲಿಯೂ ತಳ್ಳಿಹಾಕಿದವು. ಬೇರೆ ಕಂಪನಿಗಳ ಇಟ್ಟಿಗೆ ಬಳಸುವುದು ಸರಿಯೇ ಎಂಬುದು ಹವ್ಯಾಸಿಗಳಲ್ಲಿ ಮುಗಿಯದ ಚರ್ಚೆ.

ತಯಾರಿಕೆ ನಿಂತ ಸೆಟ್ಟುಗಳ ಬೆಲೆ ಏರುವುದರಿಂದ, ಕಟ್ಟುವ ಉದ್ದೇಶವಿಲ್ಲದೆ ಪೆಟ್ಟಿಗೆಗಳನ್ನು ತೆರೆಯದೆ ಕೂಡಿಡುವ ಹೂಡಿಕೆದಾರರೂ ಹುಟ್ಟಿಕೊಂಡಿದ್ದಾರೆ. ಇದರಿಂದ ಕಟ್ಟುವವರಿಗೆ ಸೆಟ್ಟು ಸಿಗದಂತಾಗುತ್ತದೆ ಎಂಬ ದೂರಿದೆ.

ಪರಿಸರದ ಪ್ರಶ್ನೆಯೂ ಇದೆ. ಇಟ್ಟಿಗೆಯ ದೀರ್ಘಾಯುಷ್ಯ ಹವ್ಯಾಸಿಗೆ ಗುಣವಾದರೆ, ಸಮುದ್ರಕ್ಕೆ ದೋಷ. 1997ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ಅಲೆಯ ಹೊಡೆತಕ್ಕೆ ‘ಟೋಕಿಯೊ ಎಕ್ಸ್‌ಪ್ರೆಸ್’ ಹಡಗಿನಿಂದ ಕಂಟೇನರುಗಳು ಸಮುದ್ರಕ್ಕೆ ಬಿದ್ದವು. ಅವುಗಳಲ್ಲಿ ಒಂದರಲ್ಲಿದ್ದ ಸುಮಾರು 48 ಲಕ್ಷ ಲೆಗೊ ತುಣುಕುಗಳಲ್ಲಿ ಕೆಲವು ದಶಕಗಳ ನಂತರವೂ ದಡಕ್ಕೆ ಬರುತ್ತಿವೆ. 2018ರಲ್ಲಿ ಕಂಪನಿ ಗಿಡ, ಎಲೆಗಳಂತಹ ಮೆದು ಭಾಗಗಳನ್ನು ಕಬ್ಬಿನಿಂದ ಪಡೆದ ಪ್ಲಾಸ್ಟಿಕ್ಕಿನಲ್ಲಿ ಮಾಡತೊಡಗಿತು. ಬಳಸಿದ ಬಾಟಲಿಗಳ ಪ್ಲಾಸ್ಟಿಕ್ಕಿನಿಂದ ಇಟ್ಟಿಗೆ ಮಾಡುವ ಯೋಜನೆಯನ್ನು ಮಾತ್ರ 2023ರಲ್ಲಿ ಕೈಬಿಟ್ಟಿತು.

ಭಾರತದಲ್ಲಿ

ಭಾರತಕ್ಕೆ ಸಂಬಂಧಿಸಿದ ಲೆಗೊ ಸೆಟ್ಟುಗಳಲ್ಲಿ 2008ರ ತಾಜ್ ಮಹಲ್ ಪ್ರಸಿದ್ಧ. 5,922 ತುಣುಕುಗಳ ಈ ಸೆಟ್ಟು ಆ ಕಾಲದ ಅತಿದೊಡ್ಡ ಸೆಟ್ಟುಗಳಲ್ಲಿ ಒಂದಾಗಿತ್ತು. ತಯಾರಿಕೆ ನಿಂತ ಮೇಲೆ ಅದರ ಬೆಲೆ ವಿಪರೀತವಾಗಿ ಏರಿತು. 2017ರಲ್ಲಿ ಕಂಪನಿ ಅದನ್ನು ಮತ್ತೆ ಹೊರತಂದಿತು.

ಭಾರತೀಯ ಹವ್ಯಾಸಿಗಳಿಗೆ ದೊಡ್ಡ ತೊಡಕು ಬೆಲೆ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ದೇಶೀಯ ಆಟಿಕೆ ಉದ್ಯಮಕ್ಕೆ ನೆರವಾಗುವುದು ಮತ್ತು ಮಕ್ಕಳ ಸುರಕ್ಷತೆ ಈ ಕ್ರಮಗಳ ಉದ್ದೇಶ. ಸುಂಕದ ಹೊರೆ ಹವ್ಯಾಸಿಗಳ ಮೇಲೂ ಬೀಳುತ್ತದೆ. ಹೊರದೇಶದಿಂದ ಬಿಡಿಭಾಗ ತರಿಸುವವರು ಸಾಗಣೆಯ ಖರ್ಚನ್ನೂ ಸುಂಕವನ್ನೂ ಲೆಕ್ಕ ಹಾಕಬೇಕಾಗುತ್ತದೆ. ಹೀಗಾಗಿ ಕಂಪ್ಯೂಟರಿನಲ್ಲಿ ಉಚಿತ ತಂತ್ರಾಂಶದ ಮೂಲಕ ಮಾದರಿಯನ್ನು ಪೂರ್ತಿಯಾಗಿ ಕಟ್ಟಿ ನೋಡಿ, ಅಗತ್ಯವಾದ ಭಾಗಗಳನ್ನು ಮಾತ್ರ ಕೊಳ್ಳುವುದು ಉಪಯುಕ್ತ ಮಾರ್ಗವಾಗಿದೆ.

ಸಂಗ್ರಹದ ಮುಂದಿನ ಗತಿ

ಮೊದಲ ತಲೆಮಾರಿನ ಸಂಘಟಿತ ಹವ್ಯಾಸಿಗಳಿಗೆ ಈಗ ವಯಸ್ಸಾಗುತ್ತಿದೆ. ಆದ್ದರಿಂದ ಲಕ್ಷಗಟ್ಟಲೆ ತುಣುಕುಗಳ ಸಂಗ್ರಹ ಮುಂದೆ ಏನಾಗಬೇಕು ಎಂಬುದು ಪ್ರಾಯೋಗಿಕ ಪ್ರಶ್ನೆಯಾಗಿದೆ. ಹವ್ಯಾಸದ ಪರಿಚಯವಿಲ್ಲದ ವಾರಸುದಾರರಿಗೆ ಅಪರೂಪದ ಭಾಗ ಯಾವುದು, ಸಾಮಾನ್ಯವಾದುದು ಯಾವುದು ಎಂಬುದು ತಿಳಿಯುವುದಿಲ್ಲ. ವರ್ಷಗಳ ಶ್ರಮದಿಂದ ವಿಂಗಡಿಸಿದ ಸಂಗ್ರಹ ತೂಕದ ಲೆಕ್ಕದಲ್ಲಿ ಮಾರಾಟವಾಗಬಹುದು. ಇದನ್ನು ತಪ್ಪಿಸಲು ಸೆಟ್ಟುಗಳ ಪಟ್ಟಿಯನ್ನು ಬರೆದಿಡುವುದು, ಸೂಚನಾ ಪುಸ್ತಿಕೆಗಳನ್ನು ಜೊತೆಗಿಡುವುದು, ಸಲಹೆಗಾಗಿ ಸಂಪರ್ಕಿಸಬಹುದಾದ ಸಹ ಹವ್ಯಾಸಿಯ ಹೆಸರನ್ನು ಮನೆಯವರಿಗೆ ತಿಳಿಸಿಡುವುದು ಒಳ್ಳೆಯ ಕ್ರಮ.

ಹೀಗೆ ಕೈಬದಲಾದ ಇಟ್ಟಿಗೆಗಳು ಮತ್ತೊಬ್ಬರ ಸಂಗ್ರಹವನ್ನು ಸೇರುತ್ತವೆ. ಅಂಟು ಹಚ್ಚದ ಮಾದರಿಯನ್ನು ಬಿಡಿಸಿದರೆ ಅದರ ಪ್ರತಿಯೊಂದು ತುಣುಕೂ ಮತ್ತೆ ಬಳಕೆಗೆ ಬರುತ್ತದೆ. ಬೇರೆ ಕಾಲದಲ್ಲಿ, ಬೇರೆ ದೇಶದಲ್ಲಿ ಕೊಂಡ ಇಟ್ಟಿಗೆಗಳ ಜೊತೆಗೂ ಅದು ಸೇರುತ್ತದೆ.